ಮನೆಯಲ್ಲೇ ಕೊನೆಯ ದಿನಗಳ ಆರೈಕೆ: ಮನೆಯವರು ತಿಳಿದಿರಬೇಕಾದದ್ದು

"ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನವೇ ಉಪಶಮನ ಆರೈಕೆಯವರನ್ನು (ಗುಣವಾಗದ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ತಂಡ) ಸಂಪರ್ಕಿಸಿ. ನೋವು ಮಿತಿಮೀರುವ ತನಕ ಕಾಯಬೇಡಿ. ಬೆಂಗಳೂರಿನಲ್ಲಿ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಉಚಿತವಾಗಿ ನೋಡಿಕೊಳ್ಳುತ್ತದೆ. ಮನೆಗೇ ಬರುವ ತಂಡವೂ ಅವರಲ್ಲಿದೆ. ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಈಗಿನ ಔಷಧಿ ಚೀಟಿ ಒಂದೇ ಫೈಲಿನಲ್ಲಿರಲಿ.

ಮನೆಗಳಲ್ಲಿ ಹೆಚ್ಚು ಎಡವುವುದು ತೀವ್ರ ನೋವು ಇಳಿಸುವ ಔಷಧಿಯಾದ ಮಾರ್ಫಿನ್ ವಿಷಯದಲ್ಲಿ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ. "ನೋವು ಬಂದಾಗ ಕೊಟ್ಟರಾಯಿತು" ಎಂದು ಒಂದು ಹೊತ್ತು ಬಿಟ್ಟರೆ ನೋವು ಮತ್ತೆ ಏರುತ್ತದೆ, ಇಳಿಸುವುದು ಕಷ್ಟ. ಗಡಿಯಾರ ನೋಡಿ ಕೊಡಿ. ರಾತ್ರಿ ನಿದ್ದೆ ಕೆಡದಿರಲೆಂದು ಮಲಗುವ ಹೊತ್ತಿನದನ್ನು ವೈದ್ಯರು ದುಪ್ಪಟ್ಟು ಬರೆದಿರಬಹುದು. ಚೀಟಿ ನೋಡದೆ ನೀವೇ ಹೆಚ್ಚು ಕಡಿಮೆ ಮಾಡಬೇಡಿ. ನಡುವೆ ನೋವು ಬಂದು ಹೆಚ್ಚುವರಿ ಡೋಸ್ ಕೊಟ್ಟರೆ ಸಮಯ ಬರೆದಿಡಿ, ಮುಂದಿನ ಪ್ರಮಾಣ ನಿರ್ಧರಿಸಲು ವೈದ್ಯರಿಗೆ ಆ ಲೆಕ್ಕವೇ ಆಧಾರ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು. ಮೊದಲ ದಿನಗಳ ವಾಕರಿಕೆ, ಮಂಪರು ಸಾಮಾನ್ಯವಾಗಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ, ಹಾಗಾಗಿ ಮಲ ಸಡಿಲಿಸುವ ಔಷಧಿಯೂ ಮೊದಲ ದಿನದಿಂದಲೇ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನವಾದರೆ ಮುಂದಿನ ಡೋಸ್ ತಡೆದು ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಈ ಮಾತ್ರೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗದು. ಮೂರ್ನಾಲ್ಕು ದಿನಕ್ಕಾಗುವಷ್ಟು ಉಳಿದಿರುವಾಗಲೇ ತನ್ನಿ, ಬೀಗ ಹಾಕಿಡಿ.

ಮಲಗಿದಲ್ಲೇ ಇದ್ದು ಹಾಸಿಗೆ ಹುಣ್ಣು ಆಗದಂತೆ 2 ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿ. ಎಳೆದರೆ ಚರ್ಮ ಕಿತ್ತುಬರುತ್ತದೆ. ಮಡಚಿದ ಬೆಡ್‌ಶೀಟ್ ಅಡಿಗೆ ಹಾಕಿ ಇಬ್ಬರು ಎತ್ತಿ ಸರಿಸಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಒಳಗಿನ ಗಾಯ ಹೆಚ್ಚುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ.

ಊಟ ಬೇಡವೆಂದರೆ ಒತ್ತಾಯಿಸಬೇಡಿ. ಹಸಿದು ಸಾಯುತ್ತಾರೆಂಬ ಸಂಕಟ ಮನೆಯವರದು, ನಿಜ. ಆದರೆ ದೇಹವೇ ಆಹಾರ ಬೇಡವೆನ್ನುತ್ತಿರುತ್ತದೆ. ಪೂರ್ತಿ ಎಚ್ಚರವಿದ್ದಾಗ ಮಾತ್ರ, ತಲೆ ಎತ್ತರಿಸಿ, ಚಮಚೆಯಲ್ಲಿ ಗಂಜಿ ಕೊಡಿ. ಕೊನೆಯ ಗಂಟೆಗಳಲ್ಲಿ ಗಂಟಲು ಗೊರಗೊರ ಅಂದರೆ ಪಕ್ಕಕ್ಕೆ ಮಲಗಿಸಿ. ತುಳಸಿ ನೀರನ್ನೂ ಬಾಯಿಗೆ ಸುರಿಯದೆ ತುಟಿಗೆ ಸವರಿ, ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮನೆಯಲ್ಲೇ ತೀರಿಕೊಂಡರೆ ಬಂದು ನೋಡಿ ಮರಣದ ಕಾರಣ ಬರೆದುಕೊಡುವ ವೈದ್ಯರು ಯಾರೆಂದು ಮೊದಲೇ ಮಾತಾಡಿಡಿ, ರಾತ್ರಿ ಹೊತ್ತಿನಲ್ಲಿ ಹುಡುಕುವುದು ಬಹಳ ಕಷ್ಟ. ಅವರು ತುಂಬುವುದು ನಮೂನೆ 4ಎ. ಚಿತಾಗಾರಕ್ಕೆ ಹೋಗುವಾಗ ಅದನ್ನೂ ಗುರುತಿನ ಚೀಟಿಯನ್ನೂ ಒಯ್ಯಿರಿ. ಮರಣದ ನೋಂದಣಿ 21 ದಿನದೊಳಗೆ ಆಗಬೇಕು.