ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಚರ್ಚಿನಿಂದ ಊಟ: ಎಲ್ಲಿಂದ ಶುರು ಮಾಡುವುದು?

ಕುಂಬಳೆ, ಉಪ್ಪಳ, ಮಂಜೇಶ್ವರ, ಕಾಸರಗೋಡು, ನಿಮ್ಮ ಪೇಟೆ ಯಾವುದಾದರೂ ಸರಿ. ಅಂಗಡಿಗಳ ಶಟರ್ ಇಳಿದ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಕೈಯಲ್ಲಿ ಏನೂ ಬೇಡ, ಊಟದ ಪೊಟ್ಟಣ ಅಂತೂ ಬೇಡವೇ ಬೇಡ. ಯಾವ ಜಗಲಿಯಲ್ಲಿ ಯಾರು ಮಲಗುತ್ತಾರೆ, ರೈಲ್ವೆ ಸ್ಟೇಷನ್ ಹೊರಗೆ ಯಾರಿದ್ದಾರೆ ಅಂತ ಸುಮ್ನೆ ನೋಡಿಕೊಳ್ಳಿ. ಇಬ್ಬರು ಸಾಕು. ಹತ್ತು ಜನ ಹೋದರೆ ಮೆರವಣಿಗೆ ಆಗುತ್ತದೆ.

ನಮ್ಮಲ್ಲಿ ಸೇವೆ ಅಂದ ಕೂಡಲೇ ನೆನಪಾಗುವುದು ಬಿರಿಯಾನಿ ಪ್ಯಾಕೆಟ್. ಕ್ರಿಸ್ಮಸ್‌ಗೆ ಒಮ್ಮೆ, ಚರ್ಚಿನ ಹಬ್ಬಕ್ಕೆ ಒಮ್ಮೆ, ಆಮೇಲೆ ವಾಟ್ಸಾಪ್ ಸ್ಟೇಟಸ್. ಅವತ್ತೇ ಬೇರೆ ಸಂಘದವರೂ ಅದೇ ಜಾಗಕ್ಕೆ ಊಟ ತಂದಿರುತ್ತಾರೆ, ಮಾರನೇ ದಿನ ಯಾರೂ ಇರುವುದಿಲ್ಲ. ಅದರ ಬದಲು ಜುಲೈ ತಿಂಗಳ ಜಡಿಮಳೆಯ ಒಂದು ಮಾಮೂಲಿ ವಾರದಲ್ಲಿ ಶುರು ಮಾಡಿ. ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, ಆದರೆ ತಪ್ಪಿಸಬೇಡಿ. ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಗುರಿಕಾರರಿಗೆ (ಮುಖಂಡರಿಗೆ) ಸರದಿ ಹಂಚಿಕೊಟ್ಟರೆ ಯಾರಿಗೂ ಭಾರ ಆಗುವುದಿಲ್ಲ. ಎಂಟು ವಾಳೆ ಇದ್ದರೆ ಒಂದೊಂದಕ್ಕೆ ಎರಡು ತಿಂಗಳಿಗೊಮ್ಮೆ ಬರುತ್ತದೆ ಅಷ್ಟೆ. ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯ ಘಟಕ ಇದ್ದರೆ ದಯವಿಟ್ಟು ಇನ್ನೊಂದು ಹೊಸ ಸಮಿತಿ ಮಾಡಬೇಡಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಮ್ ಮತ್ತು ಗೆಳೆಯರು ಅದನ್ನು ಕಟ್ಟಿದಾಗಿನಿಂದಲೂ ಬಡವರನ್ನು ಅವರಿದ್ದಲ್ಲೇ ಹೋಗಿ ಕಾಣುವುದೇ ಅದರ ಕೆಲಸ.

ಮಾತು ಹೇಗೆ ಶುರು ಮಾಡುವುದು? "ಊಟ ಆಯ್ತಾ ಅಜ್ಜ?" ಅಷ್ಟೇ. ಯಾವ ಊರು, ಮಕ್ಕಳಿಲ್ವಾ, ಯಾಕೆ ಇಲ್ಲಿದ್ದೀರಿ ಅಂತ ಮೊದಲ ದಿನವೇ ಪೊಲೀಸರ ಹಾಗೆ ಕೇಳಬೇಡಿ. ಹೆಸರು ಅವರಾಗಿ ಹೇಳಲಿ. ನಮ್ಮ ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳಿಕೊಳ್ಳುತ್ತೇವಲ್ಲ, ಅದು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ತುಳು, ಮಲಯಾಳಂ, ಕೊಂಕಣಿ ನಮ್ಮಲ್ಲಿ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಆದರೆ ರೈಲು ಇಳಿದು ಇಲ್ಲೇ ಉಳಿದವರಲ್ಲಿ ತಮಿಳು, ಹಿಂದಿ, ತೆಲುಗಿನವರೂ ಇರುತ್ತಾರೆ. ಮುಂಬೈಯಲ್ಲೋ ಗಲ್ಫ್‌ನಲ್ಲೋ ದುಡಿದು ಬಂದ ಒಬ್ಬರು ತಂಡದಲ್ಲಿದ್ದರೆ ಹಿಂದಿ ಮಾತಿಗೆ ಅನುಕೂಲ.

ಊಟ ಸಸ್ಯಾಹಾರವೇ ಇರಲಿ. ಯಾರು ಏನು ತಿನ್ನುತ್ತಾರೆ ಅಂತ ನಮಗೆ ಗೊತ್ತಿಲ್ಲ, ಕೇಳಿ ಮುಜುಗರ ಮಾಡುವುದೂ ಬೇಡ. ತೆಂಗಿನಕಾಯಿ ರುಬ್ಬಿ ಹಾಕಿದ ಪದಾರ್ಥ ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಪೊಟ್ಟಣ ಕೊಡಲೇಬೇಕಾದರೆ ಚಿತ್ರಾನ್ನ, ಉಪ್ಪಿನಕಾಯಿ, ಬಾಳೆಹಣ್ಣು ಸಾಕು. ಅರ್ಧ ತಿಂದು ಅರ್ಧ ರಾತ್ರಿಗೆ ಇಟ್ಟುಕೊಳ್ಳುವವರು ಜಾಸ್ತಿ. ಹಲ್ಲಿಲ್ಲದವರಿಗೆ ಕುಚ್ಚಲಕ್ಕಿ ಗಂಜಿಯೇ ಒಳ್ಳೆಯದು. ಮಳೆಗಾಲದಲ್ಲಿ ದಪ್ಪ ಕಂಬಳಿ ಹಂಚುತ್ತಾರೆ, ನನಗೆ ಅದು ಅರ್ಥವೇ ಆಗಿಲ್ಲ. ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗುವುದಿಲ್ಲ, ನಾರುತ್ತದೆ, ಎಸೆದುಬಿಡುತ್ತಾರೆ. ಒಂದು ತೆಳು ಬೆಡ್‌ಶೀಟ್, ಹಾಸಲು ಟಾರ್ಪಾಲಿನ ತುಂಡು, ಒಂದು ಲುಂಗಿ ಕೊಡಿ.

ಪೊಟ್ಟಣಕ್ಕಿಂತ ಪಂಕ್ತಿ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚರ್ಚಿನ ಹಾಲ್ ಇದೆ, ಹಬ್ಬದ ಪಾತ್ರೆಗಳಿವೆ, ಹಿಂದೆ ನಲ್ಲಿ ಇದೆ. ತಿಂಗಳಿಗೆ ಒಂದು ಭಾನುವಾರ ಅಲ್ಲಿಗೇ ಕರೆಯಿರಿ. ಊಟಕ್ಕೆ ಮೊದಲು ಸ್ನಾನಕ್ಕೆ ಸೋಪು, ಟವೆಲು, ಬ್ಲೇಡು, ಉಗುರು ಕತ್ತರಿ ಇಡಿ. ಆಮೇಲೆ ಒಬ್ಬ ಅತಿಥಿ, ಪಕ್ಕದಲ್ಲಿ ಒಬ್ಬ ಚರ್ಚಿನವರು, ಹೀಗೆ ಕೂರಿಸಿ ಎಲ್ಲರಿಗೂ ಒಂದೇ ಬಡಿಸಿ. ನಿಮ್ಮ ವಾಳೆಯಲ್ಲೇ ಒಂಟಿಯಾಗಿರುವ ಅಜ್ಜಿಯರನ್ನೂ ಕರೆಯಿರಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ) ಇದು ತುಂಬಾ ಹೊಂದುತ್ತದೆ: ಹೇಗೂ ಹೊಸ ಅಕ್ಕಿಯ ಊಟ, ಹೇಗೂ ಸಸ್ಯಾಹಾರ, ಹೇಗೂ ಮನೆಯವರೆಲ್ಲ ಒಟ್ಟಿಗೆ ಕೂರುವ ದಿನ.

ಪೂಜೆಯ ವಿಷಯಕ್ಕೆ ಬಂದರೆ, ಬಂದವರನ್ನು ಬಾಗಿಲ ಹತ್ತಿರದ ಬೆಂಚಿಗೆ ತಳ್ಳಬೇಡಿ. ಕೊಳಕು ಬಟ್ಟೆಯವನಿಗೆ "ನೀನು ಅಲ್ಲಿ ನಿಲ್ಲು" ಅನ್ನುವವರನ್ನು ಬೈಬಲಿನ ಯಾಕೋಬನ ಪತ್ರದ ಎರಡನೇ ಅಧ್ಯಾಯ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದೆ. ಹಾಗಂತ ಊಟಕ್ಕೆ ಬಂದವರು ಪೂಜೆಗೂ ಬರಬೇಕು ಅಂತ ಷರತ್ತು ಹಾಕುವುದು, ಕರಪತ್ರ ಕೊಡುವುದು ಖಂಡಿತ ಬೇಡ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಹಸಿದವರ ಹತ್ತಿರ ಅಂಥ ವ್ಯಾಪಾರ ಮಾಡಬಾರದು. ಬದಲಾವಣೆ ಬೇಕಾದದ್ದು ನಮ್ಮ ಪ್ರಾರ್ಥನೆಯಲ್ಲಿ. "ಲೋಕದ ಎಲ್ಲ ಬಡವರಿಗಾಗಿ" ಅಂದರೆ ಯಾರಿಗೂ ತಾಗುವುದಿಲ್ಲ. "ಕಾಲಿನ ಗಾಯ ಮಾಯದೆ ಒದ್ದಾಡುವ, ಸ್ಟೇಷನ್ ಹತ್ತಿರದ ನಮ್ಮ ಅಜ್ಜನಿಗಾಗಿ" ಅಂದರೆ ಪೂಜೆ ಮುಗಿದ ಮೇಲೆ ಯಾರಾದರೂ ಬಂದು ಯಾವ ಅಜ್ಜ ಅಂತ ಕೇಳುತ್ತಾರೆ. 2017ರಿಂದ ಕ್ರಿಸ್ತರಾಜನ ಹಬ್ಬದ ಹಿಂದಿನ ಭಾನುವಾರವನ್ನು ಬಡವರ ವಿಶ್ವ ದಿನ ಅಂತ ಆಚರಿಸುತ್ತಿದ್ದಾರೆ. ಅವತ್ತು ಕಾಣಿಕೆಯ ಹೊತ್ತಿಗೆ ರೊಟ್ಟಿ, ದ್ರಾಕ್ಷಾರಸದ ಜೊತೆ ಸೋಪು, ಲುಂಗಿ, ಬೆಡ್‌ಶೀಟ್ ಕೂಡ ಬರಲಿ.

ಫೋಟೊ ತೆಗೆಯಬೇಡಿ. ಇದಕ್ಕೆ ವಿವರಣೆ ಬೇಕಾ?

ಕಾಯಿಲೆ ವಿಷಯದಲ್ಲಿ ಸ್ವಲ್ಪ ಹುಷಾರು. ಎರಡು ವಾರ ದಾಟಿದ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ಮಾಡುತ್ತಾರೆ. ಕಾಲಲ್ಲಿ ಗಾಯ ಇಟ್ಟುಕೊಂಡು ಮಳೆ ನೀರಲ್ಲಿ ನಡೆದಾಡುವವರಿಗೆ ಜ್ವರ ಬಂದರೆ ಇಲಿಜ್ವರ ಇರಬಹುದು. ನೀವೇ ಮಾತ್ರೆ ಕೊಡದೆ ಅವತ್ತೇ ಡಾಕ್ಟರಿಗೆ ತೋರಿಸಿ. ಮಾನಸಿಕ ಕಾಯಿಲೆಯಿಂದ ಅಲೆದಾಡುವವರು ಕಂಡರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ. ತಮ್ಮನ್ನು ತಾವು ನೋಡಿಕೊಳ್ಳಲಾಗದ ಅಂಥವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಲಾಕಪ್ಪಿಗೆ ಹಾಕುವ ಹಾಗಿಲ್ಲ, ಮನೆಯವರನ್ನು ಹುಡುಕುವುದೂ ಠಾಣೆಯ ಜವಾಬ್ದಾರಿ. ಸೆಕ್ಷನ್ ನಂಬರ್ ಹೇಳಿ, ವಿನಯವಾಗಿ ಮಾತಾಡಿ, ಕೆಲಸ ಆಗುತ್ತದೆ. ಆಂಬುಲೆನ್ಸಿಗೆ 108, ಮಾನಸಿಕ ತೊಂದರೆಗೆ ಸಲಹೆ ಕೇಳಲು ಟೆಲಿ ಮಾನಸ್ 14416. ದೀರ್ಘ ಕಾಲದ ಆಸರೆ ಬೇಕಾದವರ ಬಗ್ಗೆ ಮಂಜೇಶ್ವರದ ಸ್ನೇಹಾಲಯದಂಥ ಕಡೆ ವಿಚಾರಿಸಬಹುದು, ಆದರೆ ಮೊದಲೇ ಫೋನ್ ಮಾಡಿ. ತಂದು ಗೇಟಿನಲ್ಲಿ ಬಿಟ್ಟು ಹೋಗುವುದು ಸೇವೆ ಅಲ್ಲ.

ಇನ್ನೊಂದು ಕೆಲಸ ಇದೆ, ಇದಕ್ಕೆ ದುಡ್ಡು ಬೇಡ, ಜನ ಬೇಕು. ನಮ್ಮ ಕಡೆ ಆಸ್ಪತ್ರೆಗೆ ಅಡ್ಮಿಟ್ ಆದರೆ ಬೈಸ್ಟ್ಯಾಂಡರ್ ಎಲ್ಲಿ ಅಂತ ಕೇಳುತ್ತಾರೆ. ಬೀದಿಯಲ್ಲಿದ್ದವರಿಗೆ ಯಾರಿರುತ್ತಾರೆ? ಔಷಧಿ ಚೀಟಿ ಹಿಡಿದು ಓಡಲು, ಶೌಚಕ್ಕೆ ಎಬ್ಬಿಸಲು, ರಾತ್ರಿ ಪಕ್ಕದಲ್ಲಿ ಕೂರಲು ಒಬ್ಬರು ಬೇಕೇ ಬೇಕು. ಯುವ ಸಂಘಟನೆಯವರು ಒಂದು ಪಟ್ಟಿ ಮಾಡಿ ಹಗಲು, ರಾತ್ರಿ ಪಾಳಿ ಹಂಚಿಕೊಳ್ಳಲಿ. ಹೆಂಗಸರ ವಾರ್ಡಿಗೆ ಹೆಂಗಸರೇ ಬೇಕು, ಅವರ ಹೆಸರು ಬೇರೆ ಬರೆಸಿ. ವಾರದ ಊಟಕ್ಕೆ ತಪ್ಪದೆ ಬರುತ್ತಿದ್ದವರು ಒಂದು ದಿನ ಕಾಣದಿದ್ದರೆ ಮೊದಲು ಪಕ್ಕದ ಅಂಗಡಿಯವರನ್ನು ಕೇಳಿ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ, ಆಮೇಲೆ ಠಾಣೆಯಲ್ಲಿ.