ವಜಾ ಆದ ನ್ಯಾಯಾಧೀಶರ ಶಿಕ್ಷೆ ಮರುಪರಿಶೀಲನೆಗೆ ಅರ್ಜಿ ಬರೆಯುವುದು ಹೇಗೆ

ನಾನು ಸರ್ವೀಸ್ ಮ್ಯಾಟರ್, ಅಂದರೆ ಸರ್ಕಾರಿ ನೌಕರರ ಕೆಲಸಕ್ಕೆ ಸಂಬಂಧಿಸಿದ ಕೇಸುಗಳನ್ನು ನೋಡುವ ವಕೀಲ. ನಮ್ಮಮ್ಮ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ದುರ್ನಡತೆಯ ಆರೋಪದಲ್ಲಿ ಕೆಲಸ ಕಳೆದುಕೊಂಡ ಸಿವಿಲ್ ಜಡ್ಜ್ ಒಬ್ಬರ ಫೈಲು ಬಂದರೆ ಎಲ್ಲಿಂದ ಶುರು ಮಾಡಬೇಕು ಎಂದು ಜೂನಿಯರ್‌ಗಳು ಕೇಳುತ್ತಾರೆ. ಅವರಿಗಾಗಿ ಇದು.

ಮೊದಲು ಆರೋಪ ಪಟ್ಟಿ ಓದಿ. ವಜಾ ಆದೇಶ ಆಮೇಲೆ. ಪ್ರತಿ ಆರೋಪದ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿ: ಇದು ತಪ್ಪು ಆದೇಶವೋ, ಅಜಾಗರೂಕತೆಯೋ, ದುಡ್ಡಿನ ವಿಚಾರವೋ? ಬರೀ ತಪ್ಪು ಆದೇಶ ಕೊಟ್ಟ ಮಾತ್ರಕ್ಕೆ ಅದು ದುರ್ನಡತೆ ಆಗುವುದಿಲ್ಲ ಎಂದು ಬಿಹಾರದ ನ್ಯಾಯಾಧೀಶರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಲಂಚ ಸಾಬೀತಾಗಿದ್ದರೆ ಕಕ್ಷಿದಾರರಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

ಅರ್ಜಿ ಹಾಕುವುದು ಹೈಕೋರ್ಟಿಗೆ, ಸಂವಿಧಾನದ 226ನೇ ವಿಧಿಯಡಿ. ಸರ್ಕಾರಿ ನೌಕರರ ಕೇಸು ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಿ ತಿಂಗಳುಗಟ್ಟಲೆ ಕಳೆಯಬೇಡಿ. ಅಧೀನ ನ್ಯಾಯಾಲಯದವರ ಸೇವಾ ವಿಷಯ ಆ ಮಂಡಳಿಗೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ತಪ್ಪು ಬೇರೆ, ಶಿಕ್ಷೆ ಬೇರೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ ಎರಡೂ ಕೈಬಿಟ್ಟು ಹೋಗುತ್ತವೆ. ಶಿಕ್ಷೆ ಸ್ವಲ್ಪ ಜಾಸ್ತಿಯಾಯಿತು ಎಂದರೆ ಕೋರ್ಟ್ ಕೈ ಹಾಕುವುದಿಲ್ಲ. ಮನಸ್ಸಾಕ್ಷಿಗೇ ಆಘಾತ ಆಗುವಷ್ಟು ಇರಬೇಕು, ಇದು ಸುಪ್ರೀಂ ಕೋರ್ಟಿನ 1995ರ ಬಿ.ಸಿ. ಚತುರ್ವೇದಿ ತೀರ್ಪಿನ ಅಳತೆಗೋಲು. ಹಿಂದಿನ ಸೇವಾ ದಾಖಲೆ ನೋಡಿ ಶಿಕ್ಷೆ ಹೆಚ್ಚಿಸಿದ್ದಾರಾ? ಹಾಗಿದ್ದರೆ ಅದನ್ನು ನೋಟಿಸಿನಲ್ಲಿ ಮೊದಲೇ ತಿಳಿಸಿದ್ದರಾ ಎಂದು ಹುಡುಕಿ. ನಮ್ಮ ಮೈಸೂರು ರಾಜ್ಯದ ಮಂಚೇಗೌಡ ಪ್ರಕರಣದಲ್ಲಿ ಸರ್ಕಾರ ಸೋತಿದ್ದು ಇಲ್ಲೇ.

ಕರ್ನಾಟಕದ 2023ರ ಪ್ರಕರಣ ಒಂದನ್ನು ಪ್ರತಿ ಜೂನಿಯರ್ ಓದಬೇಕು. ಸಿವಿಲ್ ಜಡ್ಜ್ ಒಬ್ಬರು ಪೂರ್ತಿ ತೀರ್ಪು ಬರೆಸದೆ, ಓಪನ್ ಕೋರ್ಟಿನಲ್ಲಿ ಕೊನೆಯ ಭಾಗ ಮಾತ್ರ ಓದಿ ಹೇಳುತ್ತಿದ್ದರು. ಕೆಲಸದಿಂದ ತೆಗೆದರು. ಹೈಕೋರ್ಟಿನ ವಿಭಾಗೀಯ ಪೀಠ ಶಿಕ್ಷೆ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸ್ಟೆನೋಗೆ ಅನುಭವ ಇರಲಿಲ್ಲ ಎಂಬ ಸಮಜಾಯಿಷಿಯನ್ನು ಪಂಚತಂತ್ರದ ಕಥೆ ಎಂದು ಕರೆಯಿತು.

ಅದನ್ನು ಓದಿದ ದಿನ ಅಮ್ಮನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಹಾಳೆಯ ನಡುವೆ ಒಂದು ಗೆರೆ. ಎರಡೂ ಕಡೆ ಶಾರ್ಟ್‌ಹ್ಯಾಂಡ್. ಪ್ರತಿ ಡಿಕ್ಟೇಷನ್ ಮೇಲೆ ತಾರೀಖು, ಕೇಸ್ ನಂಬರು, ಶುರುವಾದ ಹೊತ್ತು, ಮುಗಿದ ಹೊತ್ತು. ಸಾಹೇಬರು ಹೇಳದೆ ಇದ್ದದ್ದು ಅದರಲ್ಲಿ ಎಲ್ಲಿಂದ ಬರಬೇಕು, ಅಲ್ವಾ? ಕೈಕೆಳಗಿನವರ ಮೇಲೆ ಹಾಕುವ ವಾದವನ್ನು ಕಕ್ಷಿದಾರರು ಎಷ್ಟೇ ಒತ್ತಾಯಿಸಿದರೂ ನಾನು ಬರೆಯುವುದಿಲ್ಲ. ನೀವೂ ಬರೆಯಬೇಡಿ. ಅದು ಅನ್ಯಾಯ. ಶಿಕ್ಷೆಯ ಬಗ್ಗೆ ನೀವು ಹೇಳುವ ಒಳ್ಳೆಯ ಮಾತನ್ನೂ ಅದು ಕೆಡಿಸುತ್ತದೆ.

ಬದಲಿಗೆ ನಿಜವಾದ ಸಂಗತಿ ಕೊಡಿ. ಎಷ್ಟು ವರ್ಷದ ಸೇವೆ, ಮೇಲಿನವರು ಅವರ ಕೆಲಸದ ಬಗ್ಗೆ ಬರೆದ ಗೌಪ್ಯ ವರದಿಗಳಲ್ಲಿ ಏನಿದೆ, ಆಗ ಕಾಯಿಲೆ ಇದ್ದರೆ ಆಸ್ಪತ್ರೆಯ ಚೀಟಿ, ಅದೇ ಘಟನೆಯಲ್ಲಿ ಬೇರೆಯವರಿಗೆ ಕೊಟ್ಟ ಶಿಕ್ಷೆ. ಸಾಬೀತಾದ ತಪ್ಪು ನಿಜವೇ ಆಗಿದ್ದರೆ ಅದನ್ನು ಎರಡು ಸಾಲಿನಲ್ಲಿ ಒಪ್ಪಿಕೊಳ್ಳಿ.

ಪ್ರಾರ್ಥನೆಯನ್ನು, ಅಂದರೆ ಕೋರ್ಟಿನಿಂದ ಏನು ಬೇಕು ಎಂದು ಕೇಳುವ ಭಾಗವನ್ನು, ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ಮೊದಲು ವಜಾ ರದ್ದು. ಅದಾಗದಿದ್ದರೆ ಶಿಕ್ಷೆಯ ಪ್ರಶ್ನೆಯನ್ನಷ್ಟೇ ಮರುಪರಿಶೀಲನೆಗೆ ವಾಪಸ್ ಕಳಿಸುವುದು. ಅದರ ಜೊತೆಗೆ ಯಾವ ಶಿಕ್ಷೆ ಸಾಕು ಎಂದು ಹೆಸರಿಟ್ಟು ಹೇಳಿ. ವಜಾ ಆದರೆ ಮುಂದೆ ಸರ್ಕಾರಿ ಕೆಲಸದ ಬಾಗಿಲೂ ಸಾಮಾನ್ಯವಾಗಿ ಮುಚ್ಚುತ್ತದೆ. ಸೇವೆಯಿಂದ ತೆಗೆದುಹಾಕಿದರೆ ಹಾಗಲ್ಲ. ಕಡ್ಡಾಯ ನಿವೃತ್ತಿಯಾದರೆ ಪಿಂಚಣಿಗೆ ದಾರಿ ಇರುತ್ತದೆ. ಇಪ್ಪತ್ತು ವರ್ಷ ದುಡಿದವರ ಮನೆಗೆ ಆ ವ್ಯತ್ಯಾಸವೇ ಊಟ. ಅರ್ಜಿಯ ಕೊನೆಯ ಪುಟದಲ್ಲಿ ಈ ಕಡ್ಡಾಯ ನಿವೃತ್ತಿಯ ಸಾಲು ಇದೆಯಾ ಎಂದು ಫೈಲ್ ಮಾಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.