ಅವ್ವನಿಗೆ ಆರೈಕೆ ಕೇಂದ್ರ ಹುಡುಕುವಾಗ ನಾನು ಕೇಳಿದ್ದು, ನೋಡಿದ್ದು

ಹಾಸಿಗೆ ಹಿಡಿದ ಹಿರಿಯರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಜಾಗ ಹುಡುಕುತ್ತಿದ್ದೀರಾ? ಫೋನ್ ಮಾಡಿ ಒಮ್ಮೆ ಹೋಗಿ ಬನ್ನಿ. ಆಮೇಲೆ ಹೇಳದೆ, ರಾತ್ರಿ ಊಟದ ಹೊತ್ತಿಗೆ ಇನ್ನೊಮ್ಮೆ ಹೋಗಿ. ನಿಜ ತಿಳಿಯುವುದು ಆಗಲೇ.

ನನ್ನ ಮೊದಲ ಪ್ರಶ್ನೆ ಹಾಸಿಗೆ ಹುಣ್ಣಿನದು. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಮಾಡಿದ್ದನ್ನು ಬರೆದಿಡುತ್ತಾರಾ? ಆ ಹಾಳೆ ತೋರಿಸಿ ಅನ್ನಿ. ಒಂದು ಕಡೆ ಆಯಾ ತಕ್ಷಣ ತಂದು ತೋರಿಸಿದಳು. ಇನ್ನೊಂದು ಕಡೆ 'ಎಲ್ಲಾ ನೋಡ್ಕೋತೀವ್ರಿ' ಅಂದರು ಅಷ್ಟೇ. ಅಲ್ಲಿ ಅವ್ವನನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಯಾರ ಕೈಯನ್ನಾದರೂ ಮಂಚಕ್ಕೆ ಕಟ್ಟಿದ್ದರೆ ಯಾಕೆ ಅಂತ ಕೇಳಲೇಬೇಕು.

ರಾತ್ರಿ ನರ್ಸ್ ಇರುತ್ತಾರಾ, ಬರೀ ಆಯಾನಾ? ಜೀವಕ್ಕೆ ತೊಂದರೆಯಾದರೆ ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ ಬೇರೆ ಆಸ್ಪತ್ರೆಗೋ? ಜೊತೆಗೆ ಯಾರು ಹೋಗುತ್ತಾರೆ?

ನಮ್ಮೂರಲ್ಲಿ ಎಷ್ಟೋ ಓಣಿಗಳಿಗೆ ದಿನಾ ನಲ್ಲಿ ನೀರು ಬರುವುದಿಲ್ಲ, ಅಲ್ವಾ? ಹಾಗಾಗಿ ಟ್ಯಾಂಕ್ ಎಷ್ಟು ದೊಡ್ಡದು ಕೇಳಿ. ಬಚ್ಚಲಲ್ಲಿ ಹಿಡಿಕೆ ಇದೆಯಾ, ನೆಲ ಜಾರುತ್ತಾ, ವೀಲ್‌ಚೇರ್ ಬಾಗಿಲಲ್ಲಿ ತೂರುತ್ತಾ, ನೀವೇ ನೋಡಿ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತಾರಾ, ಜೋಳದ ನುಚ್ಚು ಮಾಡುತ್ತಾರಾ? ಇದು ಸಣ್ಣದಲ್ಲ. ಊಟ ಸೇರದಿದ್ದರೆ ಹಿರಿಯರು ಬೇಗ ಸೊರಗುತ್ತಾರೆ.

ಚಿಕಿತ್ಸೆಯನ್ನೂ ಕೊಡುವ ಖಾಸಗಿ ಜಾಗಕ್ಕೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಬೇಕು. ಪ್ರಮಾಣಪತ್ರ ಕೇಳಿ ನೋಡಿ. ಸೇರಿಸಿದ ಮೇಲೆ ಕಿರುಕುಳದ ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.